ಮೀನಿನ ಋತು ಮತ್ತು ಗಾಳಗಾರನ ಋತು: ಸ್ಟೀಲ್‌ಹೆಡ್ ಮೀನಿನ ಎರಡು ಆಗಮನಗಳು

ಮುಂಗಾರಿನ ಮೊದಲ ಮಳೆಗೆ ಹಳ್ಳಗಳು ಕೆಂಪಾಗಿ ಹರಿಯತೊಡಗಿದೊಡನೆ ನಮ್ಮ ಮಲೆನಾಡಿನಲ್ಲಿ ಮೀನುಗಳು ಹೊಳೆಯಿಂದ ಹಳ್ಳಕ್ಕೂ, ಹಳ್ಳದಿಂದ ಗದ್ದೆಯ ಕಾಲುವೆಗೂ ಏರಿ ಬರುವುದನ್ನು ಕಂಡವರು ಅನೇಕರಿದ್ದಾರೆ. ಜನರು ಇವನ್ನು ಹತ್ತುಮೀನು ಎನ್ನುವರು. ಈ ಏರಿಕೆಯ ಉದ್ದೇಶ ಸಂತಾನೋತ್ಪತ್ತಿ. ಅದರ ಕಾಲವನ್ನು ಗೊತ್ತುಮಾಡುವುದು ಮಳೆ. ಆದುದರಿಂದ ಮೀನು ಏರುವ ಋತುವೆಂದರೆ ನದಿಯ ಋತುವೇ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಈ ಭಾವನೆ ಎಲ್ಲೆಡೆಯೂ ನಿಲ್ಲತಕ್ಕದ್ದಲ್ಲ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕ್ಯಾಲಿಫೋರ್ನಿಯಾದಿಂದ ಬ್ರಿಟಿಷ್ ಕೊಲಂಬಿಯದವರೆಗಿನ ಹಲವು ನದಿಗಳಿಗೆ ಒಂದೇ ಜಾತಿಯ ಮೀನು ಕಡಲಿನಿಂದ ವರ್ಷದಲ್ಲಿ ಎರಡು ಬೇರೆ ಬೇರೆ ಕಾಲಗಳಲ್ಲಿ ಹಿಂದಿರುಗುವುದು. ಗಾಳ ಹಾಕುವವರಿಗೆ ಈ ಸಂಗತಿ ಬಹುಕಾಲದಿಂದ ತಿಳಿದಿತ್ತು. ಅದರ ಕಾರಣ ಜೀವವಿಜ್ಞಾನಿಗಳಿಗೆ ತಿಳಿದದ್ದು ತೀರ ಈಚೆಗೆ. ಆ ಕಾರಣವನ್ನೂ, ಅದರಿಂದ ಒದಗಿರುವ ಒಂದು ಆತಂಕವನ್ನೂ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಸ್ಟೀಲ್‌ಹೆಡ್ ಎಂಬುದು ಬೇರೆ ಜಾತಿಯ ಮೀನಲ್ಲ. ನೀಲಗಿರಿಯ ತಣ್ಣೀರ ತೊರೆಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಂದು ಬಿಟ್ಟ ರೈನ್‌ಬೋ ಟ್ರೌಟ್ ಮೀನೇ ಅದು. ಒಂದೇ ತಾಯಿಯ ಮರಿಗಳಲ್ಲಿ ಕೆಲವು ಹೊಳೆಯಲ್ಲಿಯೇ ಉಳಿದು ಟ್ರೌಟ್ ಎನಿಸಿಕೊಳ್ಳುವುವು. ಕೆಲವು ಒಂದೆರಡು ವರ್ಷ ಕಳೆದು ಕಡಲಿಗಿಳಿದು, ಬೆಳ್ಳಿಬಣ್ಣ ತಾಳಿ, ಹಲವು ಪಾಲು ದೊಡ್ಡದಾಗಿ ಬೆಳೆದು ಮರಳಿ ಬಂದಾಗ ಸ್ಟೀಲ್‌ಹೆಡ್ ಎನಿಸಿಕೊಳ್ಳುವುವು. ಬಹುಕಾಲ ಇದನ್ನು ಅಟ್ಲಾಂಟಿಕ್ ಸಾಲ್ಮನ್ನಿನ ಕುಲವಾದ ಸಾಲ್ಮೋ ಕುಲದಲ್ಲಿ ಎಣಿಸಿದ್ದರು. 1989ರಲ್ಲಿ ಅಮೆರಿಕದ ಮತ್ಸ್ಯವಿಜ್ಞಾನಿಗಳು ಅದನ್ನು ಪೆಸಿಫಿಕ್ ಸಾಲ್ಮನ್ನುಗಳ ಕುಲಕ್ಕೆ ಸೇರಿಸಿ ಆಂಕೊರಿಂಕಸ್ ಮೈಕಿಸ್ ಎಂಬ ಹೆಸರನ್ನು ಒಪ್ಪಿಕೊಂಡರು. ಆದರೂ ಚಿನೂಕ್, ಕೋಹೊ ಮೊದಲಾದ ಬಳಗದ ಮೀನುಗಳಿಗೂ ಇದಕ್ಕೂ ಒಂದು ಭೇದ ಉಳಿದಿದೆ. ಅವು ಒಮ್ಮೆ ಮೊಟ್ಟೆಯಿಟ್ಟು ಸಾಯುವುವು; ಸ್ಟೀಲ್‌ಹೆಡ್ ಬದುಕಿ ಉಳಿದರೆ ಮತ್ತೆ ಕಡಲಿಗೆ ಹೋಗಿ ಇನ್ನೊಮ್ಮೆ ಬರಬಲ್ಲದು.

ಇನ್ನು ಎರಡು ಆಗಮನಗಳ ವಿಚಾರ. ಚಳಿಗಾಲದ ಮೀನು ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ನದಿಯನ್ನು ಹೊಗುವುದು. ಆ ವೇಳೆಗೆ ಅದರ ಅಂಡಗಳೂ ವೀರ್ಯವೂ ಬಲಿತಿರುವುದರಿಂದ ಕೆಲವು ವಾರಗಳಲ್ಲಿಯೇ ಅದು ಮೊಟ್ಟೆಯಿಡುವುದು. ಬೇಸಗೆಯ ಮೀನಾದರೋ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ, ಇನ್ನೂ ಬಲಿಯದ ಸ್ಥಿತಿಯಲ್ಲಿ, ಮೈತುಂಬ ಕೊಬ್ಬನ್ನು ಹೊತ್ತು ಬರುವುದು. ಅದು ನದಿಯ ಮೇಲ್ಭಾಗದ ತಣ್ಣನೆಯ ಆಳವಾದ ಮಡುಗಳಿಗೆ ಸೇರಿ, ಅಲ್ಲಿಯೇ ತಿಂಗಳುಗಟ್ಟಲೆ ನಿಂತು, ಮುಂದಿನ ಚಳಿಗಾಲ ಅಥವಾ ವಸಂತದಲ್ಲಿ ಮೊಟ್ಟೆಯಿಡುವುದು. ಹೀಗೆ ಎರಡು ಬಗೆಯ ಮೀನುಗಳೂ ಮೊಟ್ಟೆಯಿಡುವ ಕಾಲ ಹೆಚ್ಚುಕಡಿಮೆ ಒಂದೇ ಆಗಿದ್ದು, ಮನೆಗೆ ಬರುವ ಕಾಲ ಮಾತ್ರ ಅರ್ಧ ವರ್ಷದಷ್ಟು ದೂರವಾಗಿದೆ. ಕಡಲಿನಲ್ಲಿ ಇನ್ನಷ್ಟು ತಿಂದು ಬೆಳೆಯಬಹುದಾದ ಅವಕಾಶವನ್ನು ಬಿಟ್ಟು ಬೇಗ ಬರುವುದರಿಂದ ಲಾಭವೇನು? ಚಳಿಗಾಲದ ಮೀನಿಗೆ ಸುಲಭವಾಗಿ ಸಿಕ್ಕದ ದೂರದ ಕವಲುತೊರೆಗಳಿಗೆ, ನೀರು ಅನುಕೂಲವಾಗಿರುವ ಸಮಯದಲ್ಲಿ ಹತ್ತಿ ಹೋಗಬಹುದೆಂಬುದೇ ಅದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ.

ಗಾಳಗಾರನ ಕಲೆಯೆಲ್ಲ ಈ ಭೇದದ ಮೇಲೆ ನಿಂತಿದೆ. ಇಲ್ಲಿ ಹೇಳುತ್ತಿರುವುದು ಎರೆಹುಳುವಿನ ಗಾಳವನ್ನಲ್ಲ. ಗರಿ, ತುಪ್ಪುಳು, ಜರಿದಾರಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಕೃತಕ ಕೀಟದ ಗಾಳವನ್ನು. ಈ ಕೀಟಕ್ಕೆ ತೂಕವಿಲ್ಲ. ಆದುದರಿಂದ ಎಸೆಯಬೇಕಾದದ್ದು ಕೀಟವನ್ನಲ್ಲ, ಭಾರವಾದ ದಾರವನ್ನು. ಗಾಳಗಾರನು ಸೊಂಟದವರೆಗೆ ನೀರಿನಲ್ಲಿ ನಿಂತು, ಎರಡು ಕೈಗಳಿಂದ ಹಿಡಿಯುವ ಉದ್ದನೆಯ ಕೋಲಿನಿಂದ ದಾರವನ್ನು ಪ್ರವಾಹಕ್ಕೆ ಅಡ್ಡಲಾಗಿ, ತುಸು ಕೆಳಮುಖವಾಗಿ ಬೀಸುವನು. ಹರಿವು ದಾರವನ್ನು ಸೆಳೆದಂತೆ ಕೀಟವು ಬಿಲ್ಲಿನಾಕಾರದಲ್ಲಿ ಮಡುವನ್ನು ದಾಟಿ ತನ್ನ ಕಡೆಯ ದಡಕ್ಕೆ ಬರುವುದು. ಆ ಬಳಿಕ ಒಂದೆರಡು ಹೆಜ್ಜೆ ಕೆಳಗಿಳಿದು ಮತ್ತೆ ಬೀಸುವನು. ದಿನವೆಲ್ಲ ಇಷ್ಟೇ ಕೆಲಸ. ನೋಡುವವರಿಗೆ ಇದಕ್ಕಿಂತ ಬೇಸರದ ದೃಶ್ಯ ಇರಲಾರದು.

ಬೇಸಗೆಯಲ್ಲಿ ನೀರು ಸುಮಾರು 10ರಿಂದ 15 ಡಿಗ್ರಿ ಸೆಂಟಿಗ್ರೇಡ್ ಇರುವಾಗ ಮೀನು ಚುರುಕಾಗಿದ್ದು, ಮೇಲ್ಮೈಯ ಕೀಟಕ್ಕಾಗಿ ಮಡುವಿನ ತಳದಿಂದ ಎದ್ದು ಬರುವುದು. ಆಗ ತೇಲುವ ದಾರವೇ ಸಾಕು. ಚಳಿಗಾಲದಲ್ಲಿ ನೀರು 4-5 ಡಿಗ್ರಿಗೆ ಇಳಿದಾಗ ಅದೇ ಜಾತಿಯ ಮೀನು ಒಂದೆರಡು ಅಡಿಗಿಂತ ದೂರ ಕದಲಲು ಒಪ್ಪದು. ಆಗ ಮುಳುಗುವ ದಾರದ ತುದಿಯಿಂದ ದೊಡ್ಡ ಕೀಟವನ್ನು ಆಳದಲ್ಲಿ ನಿಧಾನವಾಗಿ ಅದರ ಮೂತಿಯ ಮುಂದೆಯೇ ಹಾಯಿಸಬೇಕು. ನೀರು 20 ಡಿಗ್ರಿಯ ಸಮೀಪಕ್ಕೆ ಏರಿದರೆ ಸೆಣಸಿ ದಣಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಅದಕ್ಕಾಗಿಯೇ ಆರಿಗನ್ ರಾಜ್ಯದಲ್ಲಿ ಸೆಕೆಗಾಲದಲ್ಲಿ ಕೆಲವು ನದಿಗಳ ಮೇಲೆ ಮಧ್ಯಾಹ್ನ 2 ಗಂಟೆಯ ಅನಂತರ ಗಾಳ ಹಾಕಕೂಡದೆಂಬ ನಿರ್ಬಂಧವನ್ನು ವಿಧಿಸುವುದುಂಟು.

ಇಲ್ಲಿ ಒಂದು ಒಗಟಿದೆ. ನದಿಗೆ ಮರಳಿದ ಈ ಮೀನುಗಳು ಬಹುಮಟ್ಟಿಗೆ ಆಹಾರವನ್ನೇ ಬಿಟ್ಟಿರುವುವು. ಕೂಡಿಟ್ಟ ಕೊಬ್ಬಿನ ಮೇಲೆ ಬದುಕುವುವು. ಹಸಿವಿಲ್ಲದ ಮೀನು ಗರಿಯ ತುಂಡನ್ನು ಕಚ್ಚುವುದೇಕೆ? ಕೋಪ, ಕುತೂಹಲ, ಬಾಲ್ಯದ ನೆನಪು ಎಂದು ಗಾಳಗಾರರು ನಾನಾ ಉತ್ತರಗಳನ್ನು ಕೊಟ್ಟಿದ್ದಾರೆ. ಇವುಗಳಿಗಿಂತ ಬೆಲೆಯುಳ್ಳದ್ದು ಒಂದು ಮಡುವಿನ ದಡದಲ್ಲಿ ನಡೆದ ದೀರ್ಘ ಅವಲೋಕನ. ಆರಿಗನ್ನಿನ ನಾರ್ತ್ ಅಂಪ್ಕ್ವಾ ನದಿಯ ಸುಮಾರು 30 ಮೈಲಿಗಳ ಭಾಗ ಕೃತಕ ಕೀಟದ ಗಾಳಕ್ಕೇ ಮೀಸಲಾಗಿದ್ದು ಪ್ರಸಿದ್ಧವಾಗಿದೆ. ಅದರ ಉಪನದಿಯಾದ ಸ್ಟೀಮ್‌ಬೋಟ್ ಕ್ರೀಕ್‌ನಲ್ಲಿ ಮೀನು ಹಿಡಿಯುವುದಕ್ಕೆ 1932ರಿಂದಲೇ ನಿಷೇಧವಿದ್ದರೂ, ಅಲ್ಲಿಯ ಬಿಗ್ ಬೆಂಡ್ ಎಂಬ ಮಡುವಿನಲ್ಲಿ ಬೇಸಗೆಯಲ್ಲಿ ನೂರಾರು ಸ್ಟೀಲ್‌ಹೆಡ್‌ಗಳು ಒತ್ತಾಗಿ ನಿಲ್ಲುವುದರಿಂದ, ಕಳ್ಳ ಬೇಟೆಗಾರರು ಸಿಡಿಮದ್ದು ಹಾಕಿ ಅವನ್ನು ಕೊಲ್ಲುತ್ತಿದ್ದರು. ಇದನ್ನು ತಡೆಯಲು ಲೀ ಸ್ಪೆನ್ಸರ್ ಎಂಬವರು ಸುಮಾರು ಎರಡು ದಶಕ ಬೇಸಗೆಯುದ್ದಕ್ಕೂ ಆ ಮಡುವಿನ ಬಳಿ ಕಾವಲು ಕುಳಿತರು. ಕುಳಿತಲ್ಲಿಯೇ ಕಂಡುದನ್ನು ಬರೆದಿಟ್ಟರು. ಮೀನುಗಳು ಆಗಾಗ ಮೇಲೆದ್ದು ತೇಲಿಬಂದ ಎಲೆಯನ್ನೋ ಕಡ್ಡಿಯನ್ನೋ ಬಾಯಿಗೆ ತೆಗೆದುಕೊಂಡು ಮತ್ತೆ ಉಗುಳಿಬಿಡುವುದನ್ನು ಅವರು ಮೇಲಿಂದ ಮೇಲೆ ನೋಡಿದರು. ಗಾಳಗಾರನ ಕೀಟವೂ ಹಾಗೆ ಬಾಯಿಗೆ ಹೋಗಿ ಉಗುಳಲ್ಪಡಬೇಕಾದ ವಸ್ತುವೇ. ಕೊಕ್ಕೆ ಇರುವುದರಿಂದ ಉಗುಳಲಾಗುವುದಿಲ್ಲ. ಒಗಟು ಪೂರ್ತಿ ಬಿಡಿಸಿತೆಂದು ನಾನು ಹೇಳಲಾರೆ. ಆದರೆ ಮೀನಿಗೆ ಕೈಗಳಿಲ್ಲವೆಂಬುದನ್ನು, ವಸ್ತುವೊಂದನ್ನು ಪರೀಕ್ಷಿಸಲು ಅದಕ್ಕಿರುವುದು ಬಾಯಿಯೊಂದೇ ಎಂಬುದನ್ನು ನೆನೆದರೆ ಈ ವಿವರಣೆಯೇ ಸಹಜವಾಗಿ ತೋರುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಒಂದೇ ನದಿಯ ಒಂದೇ ಜಾತಿಯಲ್ಲಿ ಒಂದು ಮೀನು ಮೇ ತಿಂಗಳಿನಲ್ಲಿಯೂ ಮತ್ತೊಂದು ಜನವರಿಯಲ್ಲಿಯೂ ಬರುವಂತೆ ಮಾಡುವುದು ಯಾವುದು? ಬಹುಕಾಲದವರೆಗಿನ ಅಭಿಪ್ರಾಯ ಹೀಗಿತ್ತು: ಆಗಮನದ ಕಾಲ ಅನೇಕ ವಂಶವಾಹಿಗಳ ಮತ್ತು ಪರಿಸರದ ಕೂಡುಫಲ, ಬೇಸಗೆಯ ಮೀನು ಒಂದು ನದಿಯಲ್ಲಿ ನಶಿಸಿದರೂ ಅನುಕೂಲ ಒದಗಿದರೆ ಚಳಿಗಾಲದ ಮೀನಿನ ಸಂತತಿಯಿಂದಲೇ ಅದು ಕಾಲಕ್ರಮದಲ್ಲಿ ಮತ್ತೆ ರೂಪುಗೊಳ್ಳುವುದು. 2017ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಸಮಾಧಾನವನ್ನು ಕದಲಿಸಿದರು. ಈಲ್, ನಾರ್ತ್ ಅಂಪ್ಕ್ವಾ ಮೊದಲಾದ ನದಿಗಳ ಎರಡೂ ಬಗೆಯ ಸ್ಟೀಲ್‌ಹೆಡ್‌ಗಳ ವಂಶದ್ರವ್ಯವನ್ನು ಹೋಲಿಸಿ ನೋಡಿದಾಗ, ಭೇದವೆಲ್ಲ ಗ್ರೆಬ್-1-ಎಲ್ ಎಂಬ ವಂಶವಾಹಿಯ ಸುತ್ತಲಿನ ಒಂದು ಚಿಕ್ಕ ಭಾಗದಲ್ಲಿಯೇ ಕೂಡಿರುವುದು ಕಂಡುಬಂದಿತು. ಚಿನೂಕ್ ಸಾಲ್ಮನ್ನಿನಲ್ಲಿ ವಸಂತದ ಮೀನಿಗೂ ಶರತ್ಕಾಲದ ಮೀನಿಗೂ ಇರುವ ಭೇದವೂ ಅದೇ ಸ್ಥಾನದಲ್ಲಿತ್ತು. ಎಂದರೆ, ಬೇಗ ಬರುವ ಗುಣ ನದಿ ಕಲಿಸಿದ ಪಾಠವಲ್ಲ. ತಾಯಿತಂದೆಗಳಿಂದ ಬಂದ ಆಸ್ತಿ. ಆಸ್ತಿ ಕಳೆದುಹೋದರೆ ನದಿ ಅದನ್ನು ಹೊಸದಾಗಿ ಕೊಡಲಾರದು.

ಕಳೆದುಹೋಗುವುದು ಹೇಗೆಂಬುದನ್ನು ಆರಿಗನ್ನಿನ ರೋಗ್ ನದಿ ತೋರಿಸಿತು. ಅಲ್ಲಿ 1977ರಲ್ಲಿ ಲಾಸ್ಟ್ ಕ್ರೀಕ್ ಆಣೆಕಟ್ಟು ಮುಗಿದ ಮೇಲೆ ಕೆಳನದಿಯ ನೀರಿನ ಪ್ರಮಾಣವೂ ಉಷ್ಣತೆಯೂ ಬದಲಾದುವು. ಕೆಲವೇ ತಲೆಮಾರುಗಳಲ್ಲಿ ಚಿನೂಕ್ ಮೀನಿನ ಆಗಮನ ವಸಂತದಿಂದ ಶರತ್ಕಾಲದ ಕಡೆಗೆ ಸರಿಯಿತು. ಪ್ರತಿಯೊಂದು ಮೀನಿಗೂ ಈ ವಂಶವಾಹಿಯ ಎರಡು ಪ್ರತಿಗಳಿರುವುವು. ಎರಡೂ ‘ಬೇಗ’ ಎಂಬ ರೂಪದವಾದರೆ ಮೀನು ವಸಂತದಲ್ಲಿಯೂ, ಎರಡೂ ‘ತಡ’ ಎಂಬವಾದರೆ ಶರತ್ಕಾಲದಲ್ಲಿಯೂ, ಒಂದೊಂದಾದರೆ ನಡುವಣ ಕಾಲದಲ್ಲಿಯೂ ಬರುವುದು. ‘ಬೇಗ’ ರೂಪವು ಮಿಶ್ರ ಮೀನುಗಳಲ್ಲಿ ಗುಪ್ತವಾಗಿ ಉಳಿಯಬಹುದೆಂಬ ಆಸೆ ಇದ್ದಿತು. ಆದರೆ ನಡುಗಾಲದಲ್ಲಿ ಬರುವ ಮೀನು ಬಚ್ಚಿಟ್ಟುಕೊಂಡಿರುವುದಿಲ್ಲ. ಅದೂ ಅದೇ ಪ್ರತಿಕೂಲ ಸ್ಥಿತಿಗೆ ಸಿಕ್ಕಿ ಸವೆಯುವುದು. 2019ರಲ್ಲಿ ಪ್ರಕಟವಾದ ಅಧ್ಯಯನವು ಈ ರೂಪ ಕೆಲವೇ ದಶಕಗಳಲ್ಲಿ ಸಂಪೂರ್ಣವಾಗಿ ಅಳಿಯಬಹುದೆಂದು ಎಣಿಕೆ ಹಾಕಿತು.

ಇದಕ್ಕೆ ಪ್ರತಿಯಾದ ಒಂದು ದೃಷ್ಟಾಂತ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಇದೇ. 1913ರಲ್ಲಿಯೂ 1927ರಲ್ಲಿಯೂ ಮುಗಿದ ಎರಡು ಆಣೆಕಟ್ಟುಗಳಿಗೆ ಮೀನೇಣಿಯೇ ಇರಲಿಲ್ಲ. ಮೇಲ್ದಂಡೆಯಲ್ಲಿ ಸಿಕ್ಕಿಕೊಂಡ ಮೀನುಗಳು ಸುಮಾರು ನೂರು ವರ್ಷ ಕಡಲನ್ನು ಕಾಣದೆ ಟ್ರೌಟ್‌ಗಳಾಗಿಯೇ ಬಾಳಿದುವು. 2011ರಿಂದ 2014ರವರೆಗೆ ಆ ಎರಡು ಕಟ್ಟೆಗಳನ್ನೂ ಕಿತ್ತುಹಾಕಿದರು. ಅನಂತರ ಕೆಲವೇ ವರ್ಷಗಳಲ್ಲಿ, ಆ ನದಿಯಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕ್ಷೀಣಿಸಿದ್ದ ಬೇಸಗೆಯ ಸ್ಟೀಲ್‌ಹೆಡ್, ಮೇಲ್ದಂಡೆಯ ಮಡುಗಳಲ್ಲಿ ನೂರಾರು ಸಂಖ್ಯೆಯಲ್ಲಿ ಕಾಣಿಸಿಕೊಂಡಿತು. ಪರೀಕ್ಷಿಸಿದಾಗ, ಕಟ್ಟೆಯ ಹಿಂದೆ ಬಂಧಿಯಾಗಿದ್ದ ಟ್ರೌಟ್‌ಗಳಲ್ಲಿಯೇ ‘ಬೇಗ’ ರೂಪದ ವಂಶವಾಹಿ ಉಳಿದುಬಂದಿತ್ತೆಂದು ತಿಳಿಯಿತು. ಕಡಲಿಗೆ ಹೋಗದ ಮೀನಿಗೆ ಕಡಲಿನಿಂದ ಬರುವ ಕಾಲದ ಪ್ರಶ್ನೆಯೇ ಇಲ್ಲ. ಆದುದರಿಂದ ಆ ಗುಣವನ್ನು ಸವೆಸುವ ಕಾರಣವೂ ಅಲ್ಲಿ ಇರಲಿಲ್ಲ. ಆದರೆ ಚಿನೂಕ್ ಮೀನಿಗೆ ಇಂತಹ ಹೊಳೆವಾಸಿ ದಾಯಾದಿಗಳಿಲ್ಲವೆಂಬುದನ್ನು ಮರೆಯಬಾರದು. ಅದು ಕಳೆದುಕೊಂಡದ್ದನ್ನು ಕಾದಿಡುವವರು ಯಾರೂ ಇಲ್ಲ.

ಕ್ಲಾಮತ್ ನದಿಯ ಪ್ರಶ್ನೆ ತೊಡಕಾಗಿರುವುದು ಇದರಿಂದಲೇ. ಆ ನದಿಯ ಕರುಕ್ ಜನರು ವಸಂತದ ಸಾಲ್ಮನ್ನಿಗೂ ಶರತ್ಕಾಲದ ಸಾಲ್ಮನ್ನಿಗೂ ಮೊದಲಿನಿಂದಲೂ ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದಾರೆ. ವಸಂತದ ಮೀನಿಗೆ ಪ್ರತ್ಯೇಕ ರಕ್ಷಣೆ ಬೇಕೆಂದು ಅವರು ಸಲ್ಲಿಸಿದ ಬಿನ್ನಹದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಅದನ್ನು ಅಪಾಯಕ್ಕೊಳಗಾದ ಮೀನೆಂದು ಘೋಷಿಸಿತು. ಅದೇ ವರ್ಷ ರಾಜ್ಯದ ಉತ್ತರ ಭಾಗದ ಬೇಸಗೆಯ ಸ್ಟೀಲ್‌ಹೆಡ್‌ಗೂ ರಕ್ಷಣೆ ದೊರೆಯಿತು. ಒಂದೇ ವಂಶವಾಹಿಯ ಭೇದಕ್ಕಾಗಿ ಮೀನನ್ನು ಬೇರೆ ಘಟಕವೆಂದು ಗಣಿಸಬಹುದೆ ಎಂಬ ವಾದ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ವರ್ಗೀಕರಣದ ದೃಷ್ಟಿಯಿಂದ ಅವರ ಹಿಂಜರಿಕೆ ಸಾಧುವಾದುದೇ; ಆದರೆ ನದಿಯ ದೃಷ್ಟಿಯಿಂದ ಕರುಕ್ ಜನರ ಎರಡು ಹೆಸರುಗಳು ಹೆಚ್ಚು ನಿಷ್ಕೃಷ್ಟವಾಗಿವೆಯೆಂದು ನನ್ನ ಎಣಿಕೆ.

ನಾರ್ತ್ ಅಂಪ್ಕ್ವಾದಲ್ಲಿ 2020ರ ಸೆಪ್ಟೆಂಬರಿನ ಕಾಡುಗಿಚ್ಚು ದಡದ ನೆರಳನ್ನು ಸುಟ್ಟಿತು; ಮರುವರ್ಷ ಬೇಸಗೆಯ ಮೀನು ತೀರ ಕಡಿಮೆ ಬಂದುದರಿಂದ ಆಗಸ್ಟಿನಲ್ಲಿ ಅಧಿಕಾರಿಗಳು ಗಾಳ ಹಾಕುವುದನ್ನೇ ನಿಲ್ಲಿಸಬೇಕಾಯಿತು. ಕ್ಲಾಮತ್ ನದಿಯ ನಾಲ್ಕು ಆಣೆಕಟ್ಟುಗಳನ್ನು 2023 ಮತ್ತು 2024ರಲ್ಲಿ ಕಿತ್ತುಹಾಕಿದರು. 2024ರ ಅಕ್ಟೋಬರಿನಲ್ಲಿ ಚಿನೂಕ್ ಮೀನು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಆ ಕಟ್ಟೆಗಳಿದ್ದ ಜಾಗವನ್ನು ದಾಟಿ ಆರಿಗನ್ನನ್ನು ಮುಟ್ಟಿತು. ಅಕ್ಟೋಬರಿನಲ್ಲಿ ಬಂದದ್ದು ಶರತ್ಕಾಲದ ಮೀನು. ಮೇಲ್ದಂಡೆಯ ಹಳೆಯ ಮೂಳೆಗಳಲ್ಲಿ ಸಿಕ್ಕಿದ ‘ಬೇಗ’ ರೂಪವು ಈಗ ಕ್ಲಾಮತ್ ಕಣಿವೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಸಾಲ್ಮನ್ ನದಿ, ಟ್ರಿನಿಟಿ ನದಿ ಎಂಬ ಕೆಳಗಿನ ಉಪನದಿಗಳಲ್ಲಿ. ವಸಂತದ ಮೀನು ಮೇಲ್ದಂಡೆಗೆ ತಾನಾಗಿ ಬರುವುದಾದರೆ ಅಲ್ಲಿಂದ ದಾರಿತಪ್ಪಿ ಮೇಲಕ್ಕೆ ಹೋದ ಕೆಲವು ಮೀನುಗಳಿಂದಲೇ ಬರಬೇಕು.