ಎಸ್‌ಎಸ್‌ಡಿ ಹಾಕಿದ ಮೇಲೂ ಲ್ಯಾಪ್‌ಟಾಪ್ ಆನ್ ಆಗದಿದ್ದರೆ

ಹಳೆಯ ಲ್ಯಾಪ್‌ಟಾಪ್ ನಿಧಾನವಾಗಲು ಹೆಚ್ಚಿನ ಸಲ ಹಾರ್ಡ್ ಡಿಸ್ಕೇ ಕಾರಣ. ಅದರೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಎಷ್ಟು ಹೊತ್ತು? 60 ಸೆಕೆಂಡನ್ನು 5400ರಿಂದ ಭಾಗಿಸಿ: ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಹೆಡ್‌ನ ಕೆಳಗೆ ಬರುವ ತನಕ ಕಂಪ್ಯೂಟರ್ ಕಾಯಲೇಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್‌ನಲ್ಲಿ. ಹಾಗಾಗಿ ಕಾಯುವ ಹೊತ್ತು ಬಹಳ ಕಡಿಮೆ.

ಆದರೆ ಹೊಸದನ್ನು ಹಾಕಿದ ಕೂಡಲೇ 'ನೋ ಬೂಟೆಬಲ್ ಡಿವೈಸ್' ಅಂತ ಬಂದರೆ? ಡ್ರೈವ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಒಂದೊಂದಾಗಿ ನೋಡುವಾ.

1. ಬಯೋಸ್‌ನಲ್ಲಿ ಕಾಣ್ತದಾ? ಆನ್ ಮಾಡುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿ ನೋಡಿ. ಕಂಪನಿಯಿಂದ ಕಂಪನಿಗೆ ಕೀ ಬೇರೆ. ಅಲ್ಲೂ ಕಾಣದಿದ್ದರೆ ಮೊದಲು ಜೋಡಣೆಯನ್ನೇ ನೋಡಬೇಕು. ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಡ್ರೈವನ್ನು ಮತ್ತೆ ಸರಿಯಾಗಿ ಕೂರಿಸಿ. ಚಪ್ಪಟೆ ಎಂ.2 ಕಾರ್ಡ್‌ಗಳಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ ಉಂಟು. ನೋಡಲು ಹೆಚ್ಚುಕಡಿಮೆ ಒಂದೇ ಥರ, ಆದರೆ ಕೆಲವು ಸ್ಲಾಟ್‌ಗಳು ಒಂದನ್ನು ಮಾತ್ರ ಒಪ್ಪುತ್ತವೆ. ಖರೀದಿಗೆ ಮೊದಲೇ ಇದನ್ನು ವಿಚಾರಿಸಿ.

2. ಬಯೋಸ್‌ನಲ್ಲಿ ಕಾಣ್ತದೆ, ವಿಂಡೋಸ್ ಬರುವುದಿಲ್ಲ. ಬೂಟ್ ಕ್ರಮದಲ್ಲಿ ಹೊಸ ಡ್ರೈವನ್ನು ಮೇಲೆ ತನ್ನಿ. ಹಳೆಯ ಡಿಸ್ಕ್‌ನಿಂದ ಸಿ ಡ್ರೈವ್ ಮಾತ್ರ ನಕಲು ಮಾಡಿದ್ದರೆ ಸಾಲದು. ಬೂಟ್ ಫೈಲ್ ಇರುವ ಸಣ್ಣ ವಿಭಾಗವೂ ಬೇಕು. ಇಡೀ ಡಿಸ್ಕನ್ನೇ ಕ್ಲೋನ್ ಮಾಡಿ. ಬಯೋಸ್‌ನ ಲೆಗಸಿ ಅಥವಾ ಯುಇಎಫ್‌ಐ ಆಯ್ಕೆಯೂ ಮೊದಲಿದ್ದಂತೆಯೇ ಇರಲಿ.

3. ಹಳೆಯ ಡಿಸ್ಕಿನ ಜೊತೆಗೆ ಹೊಸ ಖಾಲಿ ಡ್ರೈವ್ ಹಾಕಿದ್ದೀರಿ, 'ದಿಸ್ ಪಿಸಿ'ಯಲ್ಲಿ ಕಾಣ್ತಾ ಇಲ್ಲ. ಇದು ದೋಷವಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು ಇನಿಶಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಬೇಕು. ಒತ್ತುವ ಮೊದಲು ಡಿಸ್ಕಿನ ಗಾತ್ರ ಎರಡು ಸಲ ಓದಿ. ತಪ್ಪಿ ಹಳೆಯದನ್ನು ಆರಿಸಿದರೆ ವರ್ಷಗಳ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಕೈಬಿಟ್ಟ ಹಾಗೆ.

4. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಬಹುದು. ಫೈಲ್ ಹಾಳಾಗಿಲ್ಲ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಅದು. ಆ ಫಾಂಟ್ ಹಾಕಿದರೆ ಅಕ್ಷರ ಮರಳುತ್ತದೆ.

ಎಲ್ಲ ಸರಿಹೋದ ಮೇಲೂ ಹಳೆಯ ಡಿಸ್ಕನ್ನು ಒಂದೆರಡು ತಿಂಗಳು ಜೋಪಾನವಾಗಿಡಿ. ಕೊನೆಗೆ ಗುಜರಿಗೆ ಹಾಕುವಾಗ ಪೂರ್ತಿ ಅಳಿಸಿಯೇ ಕೊಡಿ. ಅದರಲ್ಲಿ ಮಕ್ಕಳ ಹೆಸರು, ವಿಳಾಸ, ಜನ್ಮದಿನಾಂಕ ಎಲ್ಲ ಇರ್ತದೆ.