ಉದ್ಯೋಗ, ನೌಕರಿ, ಕಾಯಕ: ವೃತ್ತಿ ಯೋಜನೆಯ ಪಾಠಕ್ಕೆ ಅಧ್ಯಾಪಕರ ಸಿದ್ಧತೆ

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಮುಂದಿನ ವೃತ್ತಿಯ ಬಗೆಗೆ ಯೋಚಿಸುವ ಕ್ರಮವನ್ನು ಶಾಲೆಯಲ್ಲಿಯೇ ಕಲಿಸಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಪ್ರೌಢಶಾಲೆಗಳಿಗೆ ತರಬೇತಿ ಹೊಂದಿದ ಮಾರ್ಗದರ್ಶಕರು ಬೇಕೆಂಬುದನ್ನು 1952-53ರ ಮುದಲಿಯಾರ್ ಆಯೋಗವೇ ಸೂಚಿಸಿತ್ತು. 1954ರಲ್ಲಿ ದೆಹಲಿಯಲ್ಲಿ ಶೈಕ್ಷಣಿಕ ಹಾಗೂ ವೃತ್ತಿ ಮಾರ್ಗದರ್ಶನಕ್ಕೆಂದು ಕೇಂದ್ರ ಕಾರ್ಯಾಲಯವೊಂದು ಸ್ಥಾಪನೆಯಾಯಿತು. 1964-66ರ ಕೊಠಾರಿ ಆಯೋಗವು ಇನ್ನೂ ಮುಂದೆ ಹೋಗಿ, ಮಾರ್ಗದರ್ಶನವು ಪ್ರಾಥಮಿಕ ಹಂತದಿಂದಲೇ ಆರಂಭವಾಗಬೇಕೆಂದೂ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಬೇಕೆಂದೂ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಂದು ಊರಿನ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಕೆಲಸವನ್ನು ಕಂಡು ಕಲಿಯಬೇಕೆಂಬ ಸೂಚನೆಯಿದೆ. ಇಷ್ಟೆಲ್ಲ ಆದರೂ ಬಹುತೇಕ ಶಾಲೆಗಳಲ್ಲಿ ಈ ಪಾಠವನ್ನು ಹೇಳಲು ತರಗತಿಯಲ್ಲಿ ನಿಲ್ಲುವವರು ಕನ್ನಡದ ಅಧ್ಯಾಪಕರೋ ಗಣಿತದ ಅಧ್ಯಾಪಕರೋ ಆಗಿರುತ್ತಾರೆ. ಅವರನ್ನು ಅದಕ್ಕೆ ಸಿದ್ಧಗೊಳಿಸುವುದು ಹೇಗೆಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೈಗೆತ್ತಿಕೊಂಡಿಲ್ಲ.

ಹಳೆಯ ಸಾಹಿತ್ಯವನ್ನು ಓದಿಕೊಂಡು ಬಂದವನಿಗೆ ಈ ವಿಷಯದಲ್ಲೇನು ಅಧಿಕಾರವೆಂದು ಓದುಗರು ಕೇಳಬಹುದು. ಹೈದರಾಬಾದಿನಲ್ಲಿ ಕನ್ನಡ ಅಧ್ಯಾಪಕರಿಗಾಗಿ ನಡೆದ ಒಂದು ಕಮ್ಮಟದಲ್ಲಿ ಒಂದು ಗಂಟೆ ಮಾತನಾಡಬೇಕೆಂಬ ಕರೆ ಬಂದಾಗ ನಾನೂ ಅದನ್ನೇ ಕೇಳಿಕೊಂಡೆ. ಬಂದವರಲ್ಲಿ ಕೆಲವರು ನಗರದವರು. ಕೆಲವರು ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕಡೆಯವರು. ಏನು ಹೇಳಬೇಕೆಂದು ತೋಚದೆ, ಅವರೆಲ್ಲರಿಗೂ ಐದು ವಾಕ್ಯಗಳನ್ನು ಬರೆಯಲು ಹೇಳಿದೆ: ತಾವು ಅಧ್ಯಾಪಕರಾದದ್ದು ಹೇಗೆ? ಚೀಟಿಗಳನ್ನು ಓದುತ್ತ ಹೋದಂತೆ ವ್ಯಾಕರಣದ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ‘ನನಗೆ ನೌಕರಿ ಹತ್ತಿತು’, ‘ನನಗೆ ಬಿ.ಎಡ್. ಸೀಟು ಸಿಕ್ಕಿತು’, ‘ನಮ್ಮ ಮಾವನವರಿಂದ ಈ ಶಾಲೆ ದೊರೆಯಿತು’. ಇಂಥ ವಾಕ್ಯಗಳಲ್ಲಿ ಕರ್ತೃಸ್ಥಾನದಲ್ಲಿರುವುದು ನೌಕರಿ, ಸೀಟು, ಶಾಲೆ. ಮನುಷ್ಯನು ಚತುರ್ಥೀ ವಿಭಕ್ತಿಯಲ್ಲಿ ನಿಂತು ಅವು ಬರುವುದನ್ನು ಕಾಯುತ್ತಾನೆ. ‘ನಾನು ಆರಿಸಿಕೊಂಡೆ’ ಎಂದು ಬರೆದಿದ್ದವರು ಇಬ್ಬರೇ.

ವ್ಯಾಕರಣದಿಂದ ಮನೋಧರ್ಮವನ್ನು ಅಳೆಯುವುದು ಅಪಾಯಕಾರಿ ಕೆಲಸವೆಂಬುದನ್ನು ಬಲ್ಲೆ. ಕನ್ನಡದಲ್ಲಿ ಹಸಿವು, ಜ್ವರ, ಸಂತೋಷಗಳೂ ನಮಗೆ ‘ಆಗು’ತ್ತವೆ, ಅದರಿಂದ ಕನ್ನಡಿಗರು ವಿಧಿವಾದಿಗಳೆಂದು ತೀರ್ಮಾನಿಸಲಾಗದು. ಆದರೂ ತನ್ನ ಬದುಕಿನ ದುಡಿಮೆಯನ್ನು ದೊರೆತದ್ದೆಂದೇ ಕಾಣುವ ಅಧ್ಯಾಪಕನು ಮಕ್ಕಳಿಗೆ ಯೋಜನೆಯ ಪಾಠವನ್ನು ಹೇಳಹೊರಟಾಗ ಪಠ್ಯಪುಸ್ತಕದ ಮಾತೊಂದು, ಅವನ ಒಳಗಿನ ಮಾತು ಇನ್ನೊಂದು ಆಗುತ್ತದೆ. ಮಕ್ಕಳು ಎರಡನೆಯದನ್ನೇ ಕೇಳಿಸಿಕೊಳ್ಳುತ್ತಾರೆ. ಆದುದರಿಂದ ಅಧ್ಯಾಪಕರ ಸಿದ್ಧತೆಯು ಉದ್ಯೋಗಗಳ ಪಟ್ಟಿಯಿಂದ ತೊಡಗದೆ, ಅವರು ದುಡಿಮೆಗೆ ಬಳಸುವ ಪದಗಳಿಂದ ತೊಡಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಈ ಪದಗಳ ಚರಿತ್ರೆ ಸ್ವಾರಸ್ಯಕರವಾದುದು. ಹೈದರಾಬಾದು ಸಂಸ್ಥಾನದಲ್ಲಿದ್ದ ಕನ್ನಡ ಜಿಲ್ಲೆಗಳ ಜನಕ್ಕೆ ಅತ್ಯಂತ ಬಳಕೆಯ ಪದ ‘ನೌಕರಿ’. ಇದು ಪಾರಸಿಯಿಂದ ಬಂದದ್ದು. ಅದರ ಹಿಂದೆ ದರಬಾರು, ದಫ್ತರು, ತಿಂಗಳ ಸಂಬಳಗಳ ಲೋಕವಿದೆ. ಆಡಳಿತದ ಭಾಷೆ ಉರ್ದುವಾಗಿದ್ದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದಲ್ಲಿಯೇ ಆರಂಭವಾದಾಗ, ರಾಯಚೂರು, ಗುಲಬರ್ಗಾ, ಬೀದರಗಳ ಹುಡುಗನಿಗೆ ಓದೆಂದರೆ ಪರಭಾಷೆಯನ್ನು ಕಲಿತು ಸರ್ಕಾರದ ಸೇವೆಗೆ ಸೇರುವುದೆಂಬ ಒಂದೇ ದಾರಿ ಕಂಡಿದ್ದರೆ ಆಶ್ಚರ್ಯವಿಲ್ಲ. ‘ಕಸುಬು’ ಎಂಬುದನ್ನು ನಾವು ಅಚ್ಚಗನ್ನಡವೆಂದು ಭಾವಿಸುತ್ತೇವೆ. ಅದೂ ಗಳಿಕೆ ಎಂಬ ಅರ್ಥದ ಅರಬ್ಬೀ ಪದದಿಂದ ಬಂದದ್ದು. ‘ವೃತ್ತಿ’ ಎಂಬುದು ಶಾಸನಗಳಲ್ಲಿ ಅಗ್ರಹಾರದ ಮಹಾಜನರಿಗೆ ಜೀವನಾಧಾರವಾಗಿ ಬಿಟ್ಟುಕೊಟ್ಟ ಭೂಮಿಯ ಪಾಲು. ಎಂದರೆ ಮಾಡುವ ಕೆಲಸಕ್ಕಿಂತ ಬರುವ ಆದಾಯಕ್ಕೆ ಸಂಬಂಧಿಸಿದ್ದು. ‘ಓಲಗ’ವು ಅರಸನ ಸಭೆಯೂ ಹೌದು, ಅಲ್ಲಿನ ಸೇವೆಯೂ ಹೌದು. ‘ಗೆಯ್’ ಧಾತುವಿನಿಂದ ಬಂದ ‘ಗೇಮೆ’ ಮಾತ್ರ ಹೊಲದಲ್ಲಿ ಉಳಿದುಕೊಂಡಿತು.

‘ಉದ್ಯೋಗ’ದ ಕಥೆ ಬೇರೆ. ಮಹಾಭಾರತದ ಐದನೆಯ ಪರ್ವದ ಹೆಸರು ಉದ್ಯೋಗಪರ್ವ. ಅಲ್ಲಿ ಯಾರಿಗೂ ನೌಕರಿ ದೊರೆಯುವುದಿಲ್ಲ. ವನವಾಸ, ಅಜ್ಞಾತವಾಸಗಳು ಮುಗಿದ ಮೇಲೆ ಮುಂದೇನೆಂಬ ಸಮಾಲೋಚನೆ, ದೂತರ ಕಳುಹುವಿಕೆ, ಸಂಧಿಯ ಪ್ರಯತ್ನ, ಅದು ವಿಫಲವಾದರೆ ಬೇಕಾದ ಸನ್ನಾಹ, ಇವೇ ಅಲ್ಲಿನ ವಸ್ತು. ಉದ್ಯೋಗವೆಂದರೆ ಪ್ರಯತ್ನ, ಸಿದ್ಧತೆ. ಕುಮಾರವ್ಯಾಸನ ಓದುಗರಿಗೆ ಈ ಅರ್ಥ ಪರಿಚಿತವಾಗಿಯೇ ಇದ್ದಿತು. ಈಚಿನ ಕಾಲದಲ್ಲಿ ಪದವು ಪ್ರಯತ್ನವನ್ನು ಬಿಟ್ಟು ಫಲವನ್ನು ಮಾತ್ರ ಹಿಡಿದುಕೊಂಡಿತು. ವೃತ್ತಿ ಯೋಜನೆಯ ಪಾಠಕ್ಕೆ ಬೇಕಾದದ್ದು ಕಳೆದುಹೋದ ಆ ಮೊದಲ ಅರ್ಥವೇ ಆಗಿದೆ. ಕಮ್ಮಟದಲ್ಲಿ ಇದನ್ನು ಹೇಳಿದಾಗ ಹಿರಿಯ ಅಧ್ಯಾಪಕರೊಬ್ಬರು ‘ಹಾಗಾದರೆ ನಿರುದ್ಯೋಗಿಯೆಂದರೆ ಪ್ರಯತ್ನ ಮಾಡದವನೇ?’ ಎಂದು ಕೇಳಿದರು. ಪ್ರಶ್ನೆ ಸರಿಯಾದುದೇ. ಕೆಲಸವಿಲ್ಲದಿರುವುದನ್ನು ಮಕ್ಕಳ ತಪ್ಪೆಂದು ಸೂಚಿಸುವ ಯಾವ ಪಾಠವೂ ಕೂಡದು.

ಇಲ್ಲಿಗೆ ‘ಕಾಯಕ’ದ ಪ್ರಸ್ತಾಪ ಬಂದೇ ಬರುತ್ತದೆ. ಕಲ್ಯಾಣದ ನೆಲ ಹೈದರಾಬಾದಿಗೆ ದೂರದ್ದಲ್ಲ. ವೃತ್ತಿ ಗೌರವದ ಪಾಠವೆಂದರೆ ನಮ್ಮ ಅಧ್ಯಾಪಕರು ಮೊದಲು ಹಿಡಿಯುವುದು ಶರಣರನ್ನೇ. ಅದರಲ್ಲಿ ತಪ್ಪಿಲ್ಲ, ಎಚ್ಚರ ಮಾತ್ರ ಬೇಕು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳನ್ನು ಸಾಲಾಗಿ ಹೇಳಿ, ಎಲ್ಲ ಕೆಲಸಗಳೂ ಸಮಾನವೆಂದು ಸಾರಿದಾಗ, ಹಿಂದಿನ ಬೆಂಚಿನಲ್ಲಿ ಕುಳಿತ ಅಗಸರ ಮನೆಯ ಹುಡುಗನಿಗೆ ಏನು ಕೇಳಿಸುತ್ತದೆ? ‘ನಿನ್ನ ಕೆಲಸವೂ ದೊಡ್ಡದೇ, ಅಲ್ಲಿಯೇ ಇರು’ ಎಂದು ಕೇಳಿಸಬಹುದು. ಹನ್ನೆರಡನೆಯ ಶತಮಾನದಲ್ಲಿ ಬಿಡುಗಡೆಯಾಗಿದ್ದ ಮಾತು ಇಂದಿನ ತರಗತಿಯಲ್ಲಿ ಕಟ್ಟಾಗಿಬಿಡುವ ಸಂಭವವಿದೆ. ಕುಂಬಾರನ ಬಳಿಗೆ ಮಕ್ಕಳನ್ನು ಕರೆದೊಯ್ಯುವ ಹೊಸ ಕಾರ್ಯಕ್ರಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆ ಕುಂಬಾರನ ಮಗಳು ಅದೇ ತರಗತಿಯಲ್ಲಿದ್ದಾಳೆಂಬುದನ್ನು ಅಧ್ಯಾಪಕರು ಮೊದಲೇ ತಿಳಿದಿರಬೇಕು. ಮೂರು ತಲೆಮಾರಿನ ಮನೆಗೆಲಸಗಳ ನಕ್ಷೆಯನ್ನು ಬರೆಸುವುದು ಮಾರ್ಗದರ್ಶನದ ಪುಸ್ತಕಗಳಲ್ಲಿ ಕಾಣಬರುವ ಅಭ್ಯಾಸ. ಅದನ್ನು ಎಲ್ಲರೆದುರು ಓದಿಸಿದರೆ ಜಾತಿಯ ಪಟ್ಟಿಯನ್ನು ಓದಿಸಿದಂತೆಯೇ ಆಗುತ್ತದೆ; ಅದು ವಿದ್ಯಾರ್ಥಿಯ ಬಳಿಯೇ ಉಳಿಯಲಿ.

ಶರಣರ ಕಥನಗಳಲ್ಲಿಯೇ ಇದಕ್ಕೆ ಬೇರೆಯ ದೃಷ್ಟಾಂತಗಳಿವೆ, ಆದರೆ ಪಾಠಗಳಲ್ಲಿ ಅವು ಹಿಂದೆ ಬೀಳುತ್ತವೆ. ಮೋಳಿಗೆಯ ಮಾರಯ್ಯನು ಪರಂಪರೆಯ ಪ್ರಕಾರ ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಹೊತ್ತವನು. ಕಥೆಯ ಐತಿಹಾಸಿಕತೆ ಇಲ್ಲಿ ಮುಖ್ಯವಲ್ಲ. ಅವನ ಕಾಯಕ ಹುಟ್ಟಿನಿಂದ ಬಂದುದಲ್ಲ, ಆರಿಸಿಕೊಂಡುದು. ಅದಕ್ಕಾಗಿ ಅವನು ದೂರ ನಡೆದು ಬಂದನು. ಅಂತೆಯೇ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಲು ಹೇಳಿದವಳು ಆಕೆ. ಎಷ್ಟು ಗಳಿಕೆ ಸಾಕು, ಅದನ್ನು ನಿರ್ಧರಿಸುವವರು ಯಾರು, ಮನೆಯ ಹೆಣ್ಣಿಗೆ ಅದರಲ್ಲಿ ಮಾತಿದೆಯೇ ಎಂಬ ಪ್ರಶ್ನೆಗಳನ್ನು ಹತ್ತನೆಯ ತರಗತಿಯ ಮಕ್ಕಳ ಮುಂದಿಡಲು ಇದಕ್ಕಿಂತ ನೇರವಾದ ಕಥೆ ನನಗೆ ತಿಳಿಯದು.

ವೃತ್ತಿ ಮಾರ್ಗದರ್ಶನವೆಂಬ ಶಾಸ್ತ್ರಕ್ಕೆ ಆಧುನಿಕ ಬುನಾದಿಯನ್ನು ಹಾಕಿದವನು ಅಮೆರಿಕದ ಫ್ರಾಂಕ್ ಪಾರ್ಸನ್ಸ್. 1908ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಸಲಹಾ ಕೇಂದ್ರವನ್ನು ತೆರೆದು ಅದೇ ವರ್ಷ ತೀರಿಕೊಂಡನು. ಅವನ ಪುಸ್ತಕ ಮರುವರ್ಷ ಪ್ರಕಟವಾಯಿತು. ತನ್ನನ್ನು ಅರಿಯುವುದು, ಕೆಲಸಗಳನ್ನು ಅರಿಯುವುದು, ಇವೆರಡನ್ನೂ ತರ್ಕದಿಂದ ಹೊಂದಿಸುವುದು ಎಂಬ ಅವನ ಮೂರು ಹೆಜ್ಜೆಗಳ ನೆರಳು ಇಂದಿನ ಪಠ್ಯಗಳ ಮೇಲೂ ಇದೆ. ಆರಿಸಿಕೊಳ್ಳುವವನು ಒಂಟಿಯಾಗಿ, ಸ್ವತಂತ್ರನಾಗಿ ನಿಂತಿದ್ದಾನೆಂಬ ಗ್ರಹಿಕೆ ಅದರ ಹಿಂದಿದೆ. ನಮ್ಮಲ್ಲಿ ಆರಿಸುವುದು ಮನೆ. ಕೆಲವೊಮ್ಮೆ ಇಡೀ ಬಳಗ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಗಿಡಿಯನ್ ಅರುಳ್ಮಣಿಯವರು ಭಾರತೀಯ ಯುವಜನರನ್ನು ಕುರಿತ ತಮ್ಮ ಕೆಲಸದಲ್ಲಿ ಇದನ್ನೇ ಎತ್ತಿ ಹಿಡಿದರು. ವೃತ್ತಿಯನ್ನು ಕುರಿತು ಸಮುದಾಯದಲ್ಲಿ ಬೇರೂರಿದ ನಂಬಿಕೆಗಳನ್ನು ಮುಟ್ಟದೆ ಮಾಹಿತಿಯನ್ನಷ್ಟೇ ಕೊಟ್ಟರೆ ಸಾಲದೆಂಬುದು ಅವರ ನಿಲುವಿನ ತಿರುಳು. ಅವರು ರೂಪಿಸಿದ ಕಾರ್ಯಕ್ರಮಕ್ಕೆ ‘ಜೀವ’ ಎಂಬ ಹೆಸರನ್ನಿಟ್ಟದ್ದೂ ಅರ್ಥಪೂರ್ಣವಾಗಿದೆ.

ಆದರೆ ನಂಬಿಕೆಗಳ ಚರ್ಚೆ ಮಾಹಿತಿಗೆ ಬದಲಿಯಲ್ಲ. ಹೈದರಾಬಾದಿನ ಕನ್ನಡ ಮನೆಗಳ ಮಟ್ಟಿಗಂತೂ ತಪ್ಪು ಮಾಹಿತಿಯ ಬೆಲೆ ದೊಡ್ಡದು. ಈ ಮನೆಗಳು ಎರಡು ರಾಜ್ಯಗಳ ನಡುವೆ ಬಾಳುತ್ತವೆ. ಕಲಬುರ್ಗಿಯ ಚಿಕ್ಕಪ್ಪ ಹೇಳುವ ಪಿ.ಯು.ಸಿ. ಇಲ್ಲಿನ ಇಂಟರ್‌ಮೀಡಿಯೇಟ್, ಅಲ್ಲಿ ಎಸ್.ಎಸ್.ಎಲ್.ಸಿ. ಅಂಕಗಳ ಮೇಲೆ ಡಿಪ್ಲೊಮಾ ಪ್ರವೇಶ ದೊರೆತರೆ ಇಲ್ಲಿ ಪಾಲಿಸೆಟ್ ಪರೀಕ್ಷೆಯನ್ನು ಬರೆಯಬೇಕು. ಇವು ಸಣ್ಣ ಸಂಗತಿಗಳು. ಸ್ಥಳೀಯತೆಯ ನಿಯಮಗಳು ಸಣ್ಣವಲ್ಲ. ತೆಲಂಗಾಣದಲ್ಲಿ ಸರ್ಕಾರಿ ನೇಮಕಾತಿಗೆ ಸಂಬಂಧಿಸಿದ 2018ರ ರಾಷ್ಟ್ರಪತಿ ಆದೇಶದಂತೆ, 1ರಿಂದ 7ನೆಯ ತರಗತಿಯವರೆಗಿನ ಓದಿನಲ್ಲಿ ಕನಿಷ್ಠ ನಾಲ್ಕು ವರ್ಷಗಳನ್ನು ಎಲ್ಲಿ ಕಳೆದರೆಂಬುದರ ಮೇಲೆ ಅಭ್ಯರ್ಥಿಯ ಸ್ಥಳೀಯತೆ ನಿರ್ಧಾರವಾಗುತ್ತದೆ. ಮಗುವನ್ನು ಅಜ್ಜಿಯ ಬಳಿ ಬೀದರಿನಲ್ಲಿ ಓದಲು ಬಿಟ್ಟ ತಂದೆತಾಯಿಗಳು ತಮಗರಿವಿಲ್ಲದೆಯೇ ಒಂದು ಬಾಗಿಲನ್ನು ಮುಚ್ಚಿರುತ್ತಾರೆ. ಹತ್ತನೆಯ ತರಗತಿಯ ಅಧ್ಯಾಪಕರಿಗೆ ಇದು ತಿಳಿಯುವ ಹೊತ್ತಿಗೆ ಮಾಡಬಹುದಾದುದು ಏನೂ ಉಳಿದಿರುವುದಿಲ್ಲ. ಪ್ರಾಥಮಿಕ ಶಾಲೆಯ ಅಧ್ಯಾಪಕರೂ ಈ ತರಬೇತಿಯಲ್ಲಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಗಡಿಯ ಆಚೆ, ಸಂವಿಧಾನದ 2012ರ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಅಂದಿನ ಹೈದರಾಬಾದು ಕರ್ನಾಟಕದ, 2019ರಿಂದ ಕಲ್ಯಾಣ ಕರ್ನಾಟಕವೆಂದು ಹೆಸರಾದ ಪ್ರದೇಶದ ಜನರಿಗೆ ಶಿಕ್ಷಣ ಹಾಗೂ ನೇಮಕಾತಿಗಳಲ್ಲಿ ಮೀಸಲಾತಿಯನ್ನು ಒದಗಿಸಿದೆ. ಹೆಸರಿನಲ್ಲಿ ಹೈದರಾಬಾದು ಇದ್ದ ಮಾತ್ರಕ್ಕೆ ಹೈದರಾಬಾದು ನಗರದ ಕನ್ನಡಿಗನಿಗೆ ಅದು ತಾನಾಗಿ ಅನ್ವಯಿಸದು. ಆ ಜಿಲ್ಲೆಗಳಲ್ಲಿ ಜನನ, ಇಲ್ಲವೆ ಹತ್ತು ವರ್ಷಗಳ ವಾಸ್ತವ್ಯ ಮುಂತಾದ ಆಧಾರಗಳ ಮೇಲೆ ಅರ್ಹತಾ ಪತ್ರವನ್ನು ಪಡೆಯಬೇಕು. ಅದಲ್ಲದೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ವೃತ್ತಿ ಶಿಕ್ಷಣಕ್ಕೆ ಅರ್ಜಿ ಸಲ್ಲಿಸುವ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಮನೆಯಲ್ಲಿ ಕನ್ನಡವಾಡಿದರೂ ಅಕ್ಷರ ಬಾರದ ಮಗು ಅಲ್ಲಿ ನಿಂತುಬಿಡುತ್ತದೆ. ತೆಲಂಗಾಣದಲ್ಲಿ 2018ರ ಕಾಯಿದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾದ ಮೇಲೆ ಕನ್ನಡವನ್ನು ಎಲ್ಲಿ, ಯಾವ ವೇಳೆಯಲ್ಲಿ ಕಲಿಸುವುದೆಂಬುದು ಮನೆಗಳಿಗೂ, ಕಾಚಿಗುಡದ ನೃಪತುಂಗ ವಿದ್ಯಾಸಂಸ್ಥೆಯಂಥ ಕನ್ನಡಿಗರು ಕಟ್ಟಿದ ಸಂಸ್ಥೆಗಳಿಗೂ ಸಮಾನವಾದ ಚಿಂತೆ. ತೆಲುಗಿನ ವಿರುದ್ಧ ಈ ಮಾತನ್ನು ಹೇಳುತ್ತಿಲ್ಲ. ಇಲ್ಲಿ ಬದುಕುವ ಮಗುವಿಗೆ ತೆಲುಗು ಬೇಕೇ ಬೇಕು. ಕನ್ನಡವನ್ನು ಅಭಿಮಾನದ ವಿಷಯವೆಂದಷ್ಟೇ ಕಾಣುವ ನಾವು, ಅದು ಕೆಲವು ಮಕ್ಕಳಿಗೆ ಪ್ರವೇಶಪತ್ರವೂ ಆಗಿದೆಯೆಂಬುದನ್ನು ತಂದೆತಾಯಿಗಳಿಗೆ ತಿಳಿಸಿಲ್ಲ.

ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಆದುದರಿಂದ ಅಧ್ಯಾಪಕರು ಅವನ್ನು ಕಂಠಪಾಠ ಮಾಡುವುದಕ್ಕಿಂತ ಆಯಾ ವರ್ಷದ ಪ್ರಕಟಣೆಯನ್ನು ಓದಿ, ಅದರ ದಿನಾಂಕವನ್ನು ಗುರುತು ಹಾಕಿಕೊಂಡು, ವಿದ್ಯಾರ್ಥಿಯಿಂದಲೇ ಓದಿಸುವುದು ಲೇಸು. ಪ್ರಕಟಣೆಯ ಬಿಗಿಯಾದ ಗದ್ಯವನ್ನು ಬಿಡಿಸಿ ಓದುವುದು ಹಳಗನ್ನಡ ಪದ್ಯವನ್ನು ಅನ್ವಯಿಸಿದಷ್ಟೇ ಶ್ರಮದ ಕೆಲಸ. ಭಾಷಾಧ್ಯಾಪಕರು ಇದರಲ್ಲಿ ಉಳಿದವರಿಗಿಂತ ಹೆಚ್ಚು ಉಪಯುಕ್ತರಾಗಬಲ್ಲರು.

ಪೂರ್ಣ ಪ್ರಮಾಣದ ತರಬೇತಿಯನ್ನು ಬಯಸುವವರಿಗೆ ಎನ್.ಸಿ.ಇ.ಆರ್.ಟಿ.ಯ ಮಾರ್ಗದರ್ಶನ ಮತ್ತು ಆಪ್ತಸಲಹೆಯ ಡಿಪ್ಲೊಮಾ ಇದೆ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಮುಖಾಮುಖಿ ಪಾಠ, ಮೂರು ತಿಂಗಳು ತಮ್ಮ ಊರಿನಲ್ಲಿಯೇ ಪ್ರಾಯೋಗಿಕ ಕಾರ್ಯ ಎಂಬ ಅದರ ವಿನ್ಯಾಸ ವಿವೇಕಯುತವಾದುದು. ಆದರೆ ಎಲ್ಲರನ್ನೂ ಒಂದು ವರ್ಷದ ತರಬೇತಿಗೆ ಕಳುಹಿಸಲಾಗದು. ಉಳಿದವರಿಗೆ ಐದಾರು ದಿನಗಳ ಕಮ್ಮಟವೇ ಗತಿ. ಅದರಲ್ಲಿ ಮೊದಲ ಎರಡು ದಿನಗಳನ್ನು ಅಧ್ಯಾಪಕರು ತಮ್ಮ ಸ್ವಂತ ಕಥೆಗಳಿಗೂ ಪದಗಳಿಗೂ ಮೀಸಲಿಟ್ಟರೆ ಕಾಲಹರಣವೆಂದು ಸಂಘಟಕರು ಗೊಣಗಬಹುದು. ಗೊಣಗಲಿ.

ನಮ್ಮಂಥ ಪೀಠಗಳು ಮಾಡಬಹುದಾದ ಕೆಲಸ ಇದರಲ್ಲಿ ಒಂದಿದೆ: ಕೆಲಸಗಳ ಹೆಸರುಗಳ ಒಂದು ಚಿಕ್ಕ ಕೈಪಿಡಿ. ಅದರಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಸಂಸ್ಕೃತದಿಂದ ಹೊಸ ಪದಗಳನ್ನು ಕಟ್ಟುವ ಹವ್ಯಾಸವನ್ನು ನಾವು ಬಿಡಬೇಕು. ಐ.ಟಿ.ಐ. ಅರ್ಜಿಯಲ್ಲಿ ಫಿಟ್ಟರ್ ಎಂದೇ ಇರುತ್ತದೆ, ಅಂಗಡಿಯ ಫಲಕದಲ್ಲಿಯೂ ಹಾಗೆಯೇ. ಕನ್ನಡದಲ್ಲಿ ಬರೆಯಬೇಕಾದುದು ಆ ಪದದ ಮುಂದಿನ ನಾಲ್ಕು ಸಾಲುಗಳನ್ನು: ಫಿಟ್ಟರ್ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ, ಕೈಯಲ್ಲಿ ಯಾವ ಉಪಕರಣ ಹಿಡಿಯುತ್ತಾನೆ, ಎಷ್ಟು ವರ್ಷ ಕಲಿತನು, ಐವತ್ತನೆಯ ವಯಸ್ಸಿನಲ್ಲಿ ಅವನ ಬೆನ್ನು ಹೇಗಿರುತ್ತದೆ. ಕೃಷ್ಣಾ ಮಂಡಲದಿಂದ ಬಂದ ಅಧ್ಯಾಪಕರೊಬ್ಬರು ತಮ್ಮ ಊರಿನ ಹನ್ನೊಂದು ಕೆಲಸಗಳಿಗೆ ಇಂಥ ಟಿಪ್ಪಣಿಗಳನ್ನು ಈಗಾಗಲೇ ಬರೆದು ಕಳುಹಿಸಿದ್ದಾರೆ.