ಲೈಕ್ ಜಾಸ್ತಿ ಇದ್ದರೆ ಮಾತು ನಿಜವೇ?

‘ಇಷ್ಟೊಂದು ಲೈಕ್ ಬಂದಿದೆ, ಸುಳ್ಳಾಗಿರುತ್ತಾ?’ ಎಂದು ಫಾರ್ವರ್ಡ್ ಮಾಡುವವರು ನಮ್ಮಲ್ಲಿ ಬಹಳ. ಆದರೆ ಕಣ್ಣಿಗೆ ಬೀಳುವ ಆ ಸಂಖ್ಯೆಯೇ ನಮ್ಮ ಅಭಿಪ್ರಾಯವನ್ನು ಬದಲಿಸಬಲ್ಲದು.

ಇದನ್ನು ತೋರಿಸಿದ ಪ್ರಯೋಗವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುದ್ದಿತಾಣವೊಂದರ ಒಂದು ಲಕ್ಷಕ್ಕೂ ಹೆಚ್ಚು ಕಾಮೆಂಟ್‌ಗಳಲ್ಲಿ ಕೆಲವಕ್ಕೆ, ಬರೆದದ್ದು ಏನೆಂದು ನೋಡದೆ, ಸಂಶೋಧಕರು ಒಂದು ಅಪ್‌ವೋಟ್ ಒತ್ತಿದರು. ಇನ್ನು ಕೆಲವಕ್ಕೆ ಡೌನ್‌ವೋಟ್. ಉಳಿದವನ್ನು ಹಾಗೇ ಬಿಟ್ಟರು. ಅಪ್‌ವೋಟ್ ಸಿಕ್ಕ ಕಾಮೆಂಟನ್ನು ಮೊದಲು ನೋಡಿದವರು ತಾವೂ ಅಪ್‌ವೋಟ್ ಒತ್ತುವ ಸಾಧ್ಯತೆ ಶೇ 32ರಷ್ಟು ಹೆಚ್ಚಿತ್ತು. ಅಂತಹ ಕಾಮೆಂಟ್‌ಗಳ ಅಂತಿಮ ಅಂಕ ಸರಾಸರಿ ಶೇ 25ರಷ್ಟು ಏರಿತು. ಸುಮ್ಮನೆ ಒತ್ತಿದ ಡೌನ್‌ವೋಟನ್ನು ಮಾತ್ರ ಓದುಗರೇ ಸರಿಪಡಿಸಿದರು. ತೆಗಳಿದರೆ ಅನುಮಾನ, ಹೊಗಳಿದರೆ ಇಲ್ಲ!

ಹಾಗಂತ ಸಂಖ್ಯೆಯನ್ನು ಮುಚ್ಚಿಟ್ಟರೂ ನಷ್ಟವಿದೆ. 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಡಿಸ್‌ಲೈಕ್ ಲೆಕ್ಕವನ್ನು ಮರೆಮಾಡಿತು. ಮಿಕ್ಸಿ ರಿಪೇರಿಯ ವಿಡಿಯೊ ದಂಡವೆಂದು ನೋಡುವ ಮೊದಲೇ ತಿಳಿಯುವ ದಾರಿಯೊಂದು ಅಲ್ಲಿಗೆ ಮುಚ್ಚಿತು.